ಸವಟು ಹಿಡಿಯುವ ಕೈಗೆ ಲೇಸರ್

ನನಗೆ ತೊನ್ನು ಇದೆ. ಇದನ್ನು ಮೊದಲ ಸಾಲಿನಲ್ಲಿಯೇ ಹೇಳಿ ಮುಗಿಸುತ್ತಿದ್ದೇನೆ. ಏಕೆಂದರೆ ಈ ಒಂದು ಶಬ್ದವನ್ನು ಬಾಯಿಂದ ಹೊರಡಿಸದೆ ಇರಲು ನನ್ನ ಬಂಧುಮಿತ್ರರು ಪಟ್ಟ ಶ್ರಮವನ್ನು ಕಣ್ಣಾರೆ ಕಂಡಿದ್ದೇನೆ. ‘ಆ ತ್ರಾಸು’ ಎಂದರು, ‘ಅಲರ್ಜಿ’ ಎಂದರು, ‘ಚರ್ಮದ್ದು ಏನೋ ಸಣ್ಣದು’ ಎಂದರು. ಒಬ್ಬರಂತೂ ಏನೂ ಅನ್ನದೆ ತಮ್ಮ ಕೈಯನ್ನೇ ನನ್ನೆದುರು ಹಿಂದೆಮುಂದೆ ತಿರುಗಿಸಿ, ಹುಬ್ಬು ಏರಿಸಿ, ವಿಚಾರಣೆ ಪೂರೈಸಿದರು. ಓದುತ್ತಿರುವವರಲ್ಲಿ ಯಾರಿಗಾದರೂ ಈ ರೋಗ ಇದ್ದರೆ ಆ ಹುಬ್ಬುಗಳ ಪರಿಚಯ ಇದ್ದೇ ಇರುತ್ತದೆ. ಅವರಿಗಾಗಿ ಬರೆಯುತ್ತಿದ್ದೇನೆ. ಧೈರ್ಯ ತುಂಬಲಿಕ್ಕೆ ಅಲ್ಲ, ಅದನ್ನು ತುಂಬುವವರು ಬೇಕಾದಷ್ಟು ಇದ್ದಾರೆ. ಸಿಟ್ಟು ಬಂದರೆ ಅದು ರೋಗದ ಲಕ್ಷಣವಲ್ಲ ಎಂದು ಹೇಳಲಿಕ್ಕೆ.

ನಾನು ಬಾಗಲಕೋಟಿ ಕಡೆಯವನು, ಹೆಸರು ಚನ್ನಪ್ಪ. ಮೂವತ್ತು ವರ್ಷಗಳಿಂದ ಗೋವಾದಲ್ಲಿ, ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿದ್ದೇನೆ. ಬಂದರಿನ ಗೋದಾಮಿನಲ್ಲಿ ಎಷ್ಟು ಚೀಲ ಹತ್ತಿದವು, ಎಷ್ಟು ಇಳಿದವು ಎಂದು ಗೀಟು ಹಾಕುವ ಗುಮಾಸ್ತಿಕೆ ನನ್ನ ಹೊಟ್ಟೆಪಾಡು. ಮರ್ಯಾದೆ ಇದ್ದದ್ದು ಬೇರೆ ಕಡೆ. ಗುಡ್ಡದ ಮೇಲೆ ನಮ್ಮ ಜನ ಕಟ್ಟಿಕೊಂಡ ಸಂಘವೊಂದಿದೆ, ಅದಕ್ಕೆ ತಗಡಿನ ಮಂಟಪವೊಂದಿದೆ, ಶ್ರಾವಣದ ಕಡೆಯ ಸೋಮವಾರ ಅಲ್ಲಿ ದಾಸೋಹ ನಡೆಯುತ್ತದೆ. ಹಮಾಲರು, ಗೌಂಡಿಗಳು, ಬೀಚಿನಲ್ಲಿ ಸರ ಮಾರುವ ಹೆಣ್ಣುಮಕ್ಕಳು, ಕೆಪೆ ತಾಲೂಕಿನ ತೋಟಗಳಲ್ಲಿ ಕೂಲಿ ಮಾಡುವವರು ಎಲ್ಲರೂ ಬಂದು ಕೂರುತ್ತಾರೆ. ಅಲ್ಲಿ ಬೆಲ್ಲದ ಗೋಧಿ ಹುಗ್ಗಿ ಬಡಿಸುವವನು ನಾನು. ಇಪ್ಪತ್ತೆರಡು ಶ್ರಾವಣ ಬಡಿಸಿದ್ದೇನೆ.

ಇದೇನು ದೊಡ್ಡ ವಿದ್ಯೆ ಎಂದು ಕೇಳುವವರು ಒಮ್ಮೆ ಬಡಿಸಿ ನೋಡಬೇಕು. ಹುಗ್ಗಿ ಎಲೆಯ ನಡುವೆ ಬಿದ್ದು ಅಲ್ಲಿಯೇ ಕೂರಬೇಕು, ಬದನೆಕಾಯಿ ಪಲ್ಯದ ಊರಿಗೆ ಹೊರಡಬಾರದು. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಮುಖ ನೋಡಿಯೇ ಗುರುತಿಸಿ ಕೇಳದೆ ಎರಡನೆಯ ಸವಟು ಹಾಕಬೇಕು. ಮನೆಯಲ್ಲಿ ಉಂಡು, ಭಕ್ತಿಗೆ ಬಂದು ಕೂತವರಿಗೆ ಅರ್ಧ ಸವಟು ಸಾಕು. ಈ ಎಲ್ಲವನ್ನೂ ಬಗ್ಗಿಕೊಂಡೇ, ನಡೆಯುತ್ತಲೇ ನಿರ್ಧರಿಸಬೇಕು. ನನ್ನ ನಡು ಹೋದದ್ದು ಹೀಗೆ, ಅದರ ಬಗ್ಗೆ ದೂರಿಲ್ಲ.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಅವರೆಕಾಳಿನಷ್ಟು ಬಿಳುಪು ಕಾಣಿಸಿತು. ನಾನು ತಂಬಾಕು ತಿನ್ನುವವನು, ಸುಣ್ಣ ಹತ್ತಿರಬೇಕು ಎಂದು ತೊಳೆದೆ. ಮರುದಿನವೂ ತೊಳೆದೆ. ಒಂದು ವಾರ ನನ್ನ ಚರ್ಮವನ್ನೇ ಕಲ್ಲಿನಿಂದ ತಿಕ್ಕಿ ತೊಳೆದ ಕೀರ್ತಿ ನನ್ನದು. ಗಣಪತಿ ಹಬ್ಬದ ಹೊತ್ತಿಗೆ ಬೆರಳುಗಳೆಲ್ಲ ಬೆಳ್ಳಗಾದವು. ದೀಪಾವಳಿಗೆ ತುಟಿಯ ಸುತ್ತ ಮತ್ತು ಎಡಗಣ್ಣಿನ ಮೇಲೆ ಬಂತು.

ಆಗ ನನ್ನ ಮೇಲೆ ಮೊಕದ್ದಮೆ ಶುರುವಾಯಿತು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬುದು ನಮ್ಮ ಜನರ ದೃಢವಾದ ನಂಬಿಕೆ. ನಾವು ಲಿಂಗವಂತರು, ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಮೂವತ್ತು ವರ್ಷ ಗೋವಾದಲ್ಲಿ ಬದುಕಿದವರು. ನಾನು ಹಾಲು ಕುಡಿಯುವುದು ಜಗಜ್ಜಾಹೀರು. ಇನ್ನು ಉಳಿದದ್ದು ಮೀನು. ಅಂದ ಮೇಲೆ ಈ ಚನ್ನಪ್ಪ ಬಂದರಿನಲ್ಲಿ ಎಲ್ಲೋ ಗುಟ್ಟಾಗಿ ತಿಂದಿರಬೇಕು, ಅದು ಈಗ ಹೊರಬಿದ್ದಿದೆ ಎಂದು ತೀರ್ಮಾನವಾಯಿತು. ಸಾಕ್ಷಿ ನನ್ನ ಕೈಯಲ್ಲಿಯೇ ಇತ್ತು.

ನನ್ನ ಹೆಂಡತಿ ಶಾಂತವ್ವನ ಅಣ್ಣ ಇಳಕಲ್ಲಿನಿಂದ ಬಂದವರು ಎರಡು ದಿನ ಇದ್ದು, ಹೊರಡುವ ಮುನ್ನ ಇದನ್ನೇ ಸುತ್ತಿ ಬಳಸಿ ಕೇಳಿದರು. ಗೋವಾದ ಹವಾ, ಗೆಳೆಯರ ಒತ್ತಾಯ, ಮನುಷ್ಯ ಎಂದ ಮೇಲೆ ತಪ್ಪು ಆಗುತ್ತದೆ ಎಂದೆಲ್ಲ ಪೀಠಿಕೆ ಹಾಕಿದರು. ಶಾಂತವ್ವ ಅವರ ಚೀಲವನ್ನು ತಂದು ಬಾಗಿಲ ಹತ್ತಿರ ಇಟ್ಟಳು. ನನಗೆ ಹೆಮ್ಮೆಯೆನಿಸಿತು. ಆ ಹೆಮ್ಮೆ ಬಸ್ಸು ಹೊರಡುವವರೆಗೆ ಉಳಿಯಿತು. ತಿರುಗಿ ಮನೆಗೆ ಬಂದಾಗ ಅವಳು ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು:

“ಸಿಟ್ಟಿಗೇಳಬ್ಯಾಡ್ರಿ. ಒಂದ ಸಲರೆ ತಿಂದೀರೇನ್ರಿ?”

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನನ್ನ ಎದೆಗೆ ಅಷ್ಟು ನೇರವಾಗಿ ತಾಗಿದ ಮಾತು ಬೇರೆ ಇಲ್ಲ. ನಾನು ಇಲ್ಲ ಎಂದೆ. ಮರುದಿನದಿಂದ ನನ್ನ ಚಹಾಕ್ಕೆ ಹಾಲು ನಿಂತಿತು. ಒಂದು ಕಡೆಯಿಂದಾದರೂ ಅಪರಾಧವನ್ನು ತಡೆಯಬಹುದಲ್ಲ.

ಆಮೇಲಿನ ತಪ್ಪು ಪೂರ್ತಿ ನನ್ನದೇ. ಊರಿನ ವೈದ್ಯರೊಬ್ಬರು ಬಾವಂಚಿ ಎಣ್ಣೆ ಕಳಿಸಿದರು. ಹಚ್ಚಿಕೊಂಡು ಎಳೆಬಿಸಿಲಿನಲ್ಲಿ ಐದು ನಿಮಿಷ ಕೈ ಹಿಡಿಯಬೇಕು ಎಂದು ಚೀಟಿಯಲ್ಲಿತ್ತು. ಐದು ನಿಮಿಷಕ್ಕೆ ಅಷ್ಟು ಗುಣವಾದರೆ ಐದು ತಾಸಿಗೆ ಎಷ್ಟು ಎಂದು ಗುಮಾಸ್ತನ ತಲೆ ಗುಣಾಕಾರ ಮಾಡಿತು. ಬಂದರಿನಲ್ಲಿ ಬಿಸಿಲಿಗೆ ಬರವಿಲ್ಲ. ಎಣ್ಣೆ ಹಚ್ಚಿದ ಕೈಯಲ್ಲೇ ಮಾರ್ಚ್ ತಿಂಗಳ ಒಂದು ದಿನ ಹಡಗಿನ ಪಕ್ಕ ನಿಂತು ಚೀಲ ಎಣಿಸಿದೆ. ಸಂಜೆಗೆ ಎರಡೂ ಕೈ ಹಪ್ಪಳದಂತೆ ಉಬ್ಬಿ ನೀರುಗುಳ್ಳೆ ಎದ್ದವು. ಶಾಂತವ್ವ ಇಪ್ಪತ್ತು ದಿನ ತುತ್ತು ಮಾಡಿ ಉಣಿಸಿದಳು. ಗುಳ್ಳೆ ಒಣಗಿದಾಗ ಕೆಳಗಿನ ಚರ್ಮ ಮೊದಲಿಗಿಂತ ಬೆಳ್ಳಗಿತ್ತು.

ಇದೇ ವೇಳೆಗೆ ಸಂಘದವರು ನನ್ನ ಮೇಲೆ ಗೌರವದ ಮಳೆ ಸುರಿಸಿದರು. ಕಾರ್ಯದರ್ಶಿ ಮಲ್ಲೇಶಪ್ಪನವರು ಇಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ಮೂವರೂ ಒಗೆದ ಬಟ್ಟೆ ಹಾಕಿದ್ದರು, ಅದನ್ನು ಕಂಡೇ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ದುಡಿದ ಹಿರಿಯರಾದ ನಾನು ಇನ್ನು ಮೇಲೆ ಸಂಘದ ಅಧ್ಯಕ್ಷನಾಗಬೇಕೆಂದು ಸರ್ವಾನುಮತದಿಂದ ಗೊತ್ತಾಗಿದೆ ಎಂದರು. ಅಧ್ಯಕ್ಷ ಅಂದರೆ ಏನು ಮಾಡಬೇಕು ಎಂದು ಕೇಳಿದೆ.

“ನೀವೇನೂ ಮಾಡೂದು ಬ್ಯಾಡ್ರಿ. ಖುರ್ಚಿ ಮ್ಯಾಲ ಕುಂಡ್ರಿ. ಬಡಸೂ ಕೆಲಸ ಹುಡುಗರು ಮಾಡ್ತಾರ.”

ಮಲ್ಲೇಶಪ್ಪನವರು ಇನ್ನೊಂದು ಮಾತು ಸೇರಿಸಿದರು: “ನಮಗೇನಿಲ್ರಿ ಚನ್ನಪ್ಪಣ್ಣ. ಅಂಟೂದಿಲ್ಲ ಅಂತ ನಮಗ ಗೊತ್ತೈತಿ. ಮಂದಿ ಏನರೆ ಅಂತಾರ.”

ಈ ‘ಮಂದಿ’ಯನ್ನು ನಾನು ಆಮೇಲೆ ಬಹಳ ಹುಡುಕಿದೆ. ಯಾರನ್ನು ಕೇಳಿದರೂ ತಾವಲ್ಲ ಎಂದರು. ಇಡೀ ಮಂಗೋರ್ ಹಿಲ್ಲಿನಲ್ಲಿ ನನ್ನ ಕೈಗೆ ಹೇಸುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಆ ಅಜ್ಞಾತ ಮಂದಿಗೆ ಹೆದರಿ, ನನ್ನ ಹಿತಕ್ಕಾಗಿ, ನನ್ನಿಂದ ದೂರ ಇದ್ದರು. ಆ ವರ್ಷದ ಶ್ರಾವಣದಲ್ಲಿ ನನ್ನನ್ನು ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಶಾಲಿನ ಒಳಗೆ ಕೈ ಇರುವಂತೆ ಸರಿಮಾಡಿದರು. ಬಡಿಸುವ ಹುಡುಗರು ಹುಗ್ಗಿಯನ್ನು ಪಲ್ಯದ ಮೇಲೆ ಸುರಿದರು. ಕಟ್ಟಿಗೆಯಂತೆ ಕೂತು ನೋಡಿದೆ. ಅಷ್ಟು ಸಿಟ್ಟು ಬಂದಾಗ ಮನುಷ್ಯ ಏನು ಮಾಡುತ್ತಾನೋ ತಿಳಿಯದು, ನಾನು ಎಲ್ಲರಿಗೂ ಕೈ ಮುಗಿದೆ. ಅಂದರೆ ಶಾಲಿನಿಂದ ಕೈ ಹೊರಗೆ ತೆಗೆದೆ. ಅಷ್ಟೇ ನನ್ನ ಪ್ರತಿಭಟನೆ.

ಅದೇ ವಾರ ಪಣಜಿಯ ಚರ್ಮದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಲೇಸರ್ ಯಂತ್ರ ಬಂದಿದೆ ಎಂದು ಗೋದಾಮಿನ ಸಾಹೇಬರೊಬ್ಬರು ಹೇಳಿದ್ದರು. ಡಾಕ್ಟರು ನಡುವಯಸ್ಸಿನ ಗೋವಾದ ಹೆಣ್ಣುಮಗಳು. ನನ್ನ ಎರಡೂ ಕೈಗಳನ್ನು ತಮ್ಮ ಬರಿಗೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ವರ್ಷವಾಗಿತ್ತು ಹೆಂಡತಿಯನ್ನು ಬಿಟ್ಟು ಬೇರೆಯವರು ಮುಟ್ಟಿ. ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಏನಾಗುತ್ತಿದೆ ಎಂದು ಕೇಳಿದರೆ, ಏನೂ ಇಲ್ಲ ಎಂದೆ.

ಅವರು ಕೊಂಕಣಿ ಬೆರೆತ ಹಿಂದಿಯಲ್ಲಿ ವಿವರಿಸಿದ್ದರ ಸಾರ ಇಷ್ಟು: ಮೀನೂ ಅಲ್ಲ, ಹಾಲೂ ಅಲ್ಲ. ಮೈಯೊಳಗೆ ರೋಗ ಕಾಯಲೆಂದು ಇಟ್ಟ ಕಾವಲುಗಾರರೇ ದಾರಿ ತಪ್ಪಿ ಮೈಬಣ್ಣವನ್ನು ಶತ್ರು ಎಂದು ಹೊಡೆಯುತ್ತಿದ್ದಾರೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯೂ ಹೀಗೇ ನಡೆಯುವುದರಿಂದ ನನಗೆ ಬೇಗ ಅರ್ಥವಾಯಿತು. ಲೇಸರಿನ ಬೆಳಕು ಬಿದ್ದಲ್ಲಿ ಬಣ್ಣ ತಿರುಗಿ ಮೂಡಬಹುದು, ಆದರೆ ಒಂದು ಸಲಕ್ಕೆ ಇಷ್ಟೇ ಜಾಗ ಎಂದಿದೆ, ಮುಖ ಬೇಗ ಮಾತು ಕೇಳುತ್ತದೆ, ಬೆರಳುಗಳು ಹಟಮಾರಿ, ಮುಖದಿಂದ ಶುರು ಮಾಡೋಣ ಎಂದರು.

ನಾನು ಕೈ ಮೊದಲು ಎಂದೆ.

ಯಾಕೆ ಎಂದು ಕೇಳಿದರು. ಮುಖದಿಂದ ಯಾರೂ ಬಡಿಸುವುದಿಲ್ಲ ಎಂದೆ. ಅವರಿಗೆ ತಿಳಿಯಲಿಲ್ಲ. ಹುಗ್ಗಿ, ಸವಟು, ಖುರ್ಚಿ, ಶಾಲು ಎಲ್ಲವನ್ನೂ ಹರಕು ಹಿಂದಿಯಲ್ಲಿ ಹೇಳಿದೆ. ಹೊರಗೆ ಜನ ಕಾಯುತ್ತಿದ್ದರೂ ಕೊನೆಯವರೆಗೆ ಕೇಳಿ, ಕಾಗದದಲ್ಲಿ ‘ಕೈಗಳು’ ಎಂದು ಬರೆದು, ಕೆಳಗೆ ‘ಮುಖವೂ’ ಎಂದು ಸೇರಿಸಿದರು. ಗುಣವಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಆಗ ಅದು ಕಠಿಣವೆನಿಸಿತ್ತು.

ಮಂಗಳವಾರ ಮತ್ತು ಶುಕ್ರವಾರ ಎಂದು ಗೊತ್ತಾಯಿತು. ಬಸ್ಸು ಕೊರ್ತಾಲಿಮ್ ದಾಟಿ, ಜುವಾರಿ ಸೇತುವೆಯ ಮೇಲೆ ಲಾರಿಗಳ ಹಿಂದೆ ತೆವಳಿ ಪಣಜಿ ಸೇರುವುದರಲ್ಲಿ ಅರ್ಧ ದಿನದ ರಜೆ ಖರ್ಚಾಗುತ್ತಿತ್ತು. ಲೇಸರ್ ಎಂದರೆ ನಾನು ಸಿಡಿಲನ್ನು ಕಲ್ಪಿಸಿಕೊಂಡಿದ್ದೆ. ಇದ್ದದ್ದು ಕಪಾಟಿನಂಥ ಯಂತ್ರ, ಅದಕ್ಕೊಂದು ಕೊಳವೆ, ತುದಿಯಲ್ಲಿ ಒತ್ತುವ ಗುಬುಟು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಚೌಕ ಚೌಕವಾಗಿ ಟಕ್ ಟಕ್ ಎಂದು ಒತ್ತಿಕೊಂಡು ಹೋಗುತ್ತಾರೆ. ಚಹಾದ ಲೋಟ ತಾಗಿದಷ್ಟು ಬಿಸಿ. ಹತ್ತು ನಿಮಿಷದಲ್ಲಿ ಮುಗಿದೇ ಹೋಯಿತು. ಇಷ್ಟಕ್ಕೆ ಕುಲದೇವರಿಗೆ ಹರಕೆ ಹೊತ್ತು ಬಂದಿದ್ದೆ. ಮರುದಿನ ಚೌಕಗಳು ಕೆಂಪಾಗುತ್ತಿದ್ದವು. ಕೆಂಪು ಹೆಚ್ಚಾದರೆ ಮುಂದಿನ ಸಲ ಬೆಳಕು ಕಡಿಮೆ, ಕೆಂಪೇ ಆಗದಿದ್ದರೆ ಹೆಚ್ಚು. ಬೆಳಗಾದರೆ ಶಾಂತವ್ವ ನನ್ನ ಕೈಯನ್ನು ಕಿಟಕಿಯ ಹತ್ತಿರ ಎಳೆದು ನೋಡಿ, “ಇನ್ನ ಇಲ್ರಿ” ಎನ್ನುತ್ತಿದ್ದಳು. ತಿಂಗಳುಗಟ್ಟಲೆ ನನ್ನ ದಿನಗಳು ಈ ಎರಡು ಶಬ್ದದಿಂದ ಶುರುವಾದವು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುವವರು ಒಬ್ಬರನ್ನೊಬ್ಬರು ನೋಡುವುದಿಲ್ಲ. ಎಲ್ಲರೂ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ಓದುತ್ತಾರೆ. ಈ ಶಿಷ್ಟಾಚಾರವನ್ನು ಮುರಿದವಳು ಫಿಲೊಮೆನಾ, ಕೊರ್ತಾಲಿಮ್ ಪೇಟೆಯಲ್ಲಿ ಮೀನು ಮಾರುವ ಹೆಂಗಸು. ನನ್ನ ಪಕ್ಕ ಕೂತು, ತನ್ನ ಕೈಯನ್ನು ನನ್ನ ಕೈಯ ಜೊತೆ ಇಟ್ಟು ನೋಡಿ, ನನ್ನದು ಹೆಚ್ಚು ಬಿಳಿ ಎಂದು ತೀರ್ಪು ಕೊಟ್ಟಳು. ಅವಳಿಗೂ ಬೆರಳುಗಳೇ. ಇಪ್ಪತ್ತು ವರ್ಷದ ಗಿರಾಕಿಗಳು ಈಗ ದೂರದಿಂದ ಮೀನು ತೋರಿಸಿ, ಅವಳ ತಂಗಿ ಎತ್ತಿಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಾರಂತೆ. ಅವಳಿಗೂ ಅದೇ ಆರೋಪ, ಮೀನು ತಿಂದು ಹಾಲು ಕುಡಿದಿದ್ದಾಳೆ ಎಂದು. ಹುಟ್ಟಿದಾಗಿನಿಂದ ಮೀನು ತಿಂದವಳಿಗೆ ಹಾಲಿನ ವಾಸನೆ ಆಗುವುದಿಲ್ಲ, ಚಹಾ ಕೂಡ ಕಪ್ಪು. ನಾನು ನನ್ನ ಕತೆ ಹೇಳಿದೆ. ಅವಳು ನಕ್ಕ ನಗೆಗೆ ಒಳಗಿನಿಂದ ನರ್ಸ್ ಬಂದು ಗದರಿದಳು.

“ಪಾತ್ರಾಂವ್,” ಎಂದಳು. ಯಜಮಾನರಿಗೆ ಅಲ್ಲಿ ಹಾಗನ್ನುತ್ತಾರೆ. “ನಾನು ಮೀನು, ನೀವು ಹಾಲು. ಇಬ್ಬರೂ ಸೇರಿ ಒಂದೇ ರೋಗ ತರಬೇಕಾಗಿತ್ತು. ನಮಗೆ ಎರಡು ಕೊಟ್ಟಿದ್ದಾರೆ.”

ಒಂದು ವರ್ಷದಲ್ಲಿ ಮೊದಲ ಸಲ ನಕ್ಕೆ. ಆ ಸಂಜೆ ಮನೆಗೆ ಬಂದು ಶಾಂತವ್ವನಿಗೆ ಈ ಮಾತು ಹೇಳಿದೆ. ಅವಳು ನಗಲಿಲ್ಲ. ಹೋಗಿ ಒಲೆ ಹೊತ್ತಿಸಿದಳು. ಆಮೇಲೆ ತಂದಿಟ್ಟ ಚಹಾದಲ್ಲಿ ಹಾಲಿತ್ತು. ಕೆನೆ ಸಹಿತ.

ಐದನೆಯ ತಿಂಗಳಲ್ಲಿ ಮುಖ ಬಣ್ಣ ಹಿಡಿಯಿತು. ಮೊದಲು ರಾಗಿಕಾಳಿನಂಥ ಚುಕ್ಕೆಗಳು ಮೂಡಿ, ಅವು ಹರಡಿ, ಒಂದಕ್ಕೊಂದು ಕೈ ಹಿಡಿದು ಕೂಡಿಕೊಂಡವು. ತುಟಿ ತುಂಬಿತು, ಕಣ್ಣಿನ ಮೇಲಿನದೂ ತುಂಬಿತು. ಕೈಗೆ ಇದರ ಎರಡರಷ್ಟು ಬೆಳಕು ಬಿದ್ದಿತ್ತು. ಮಣಿಕಟ್ಟಿನ ಹತ್ತಿರ ನಾಲ್ಕು ಚುಕ್ಕೆ ಬಂದವು. ಬೆರಳಿನಲ್ಲಿ ಒಂದೂ ಇಲ್ಲ. ಹನ್ನೊಂದು ತಿಂಗಳಾದಾಗ ಡಾಕ್ಟರು ಯಂತ್ರ ಬಂದ್ ಮಾಡಿ, ಸ್ಟೂಲ್ ಎಳೆದುಕೊಂಡು ಎದುರು ಕೂತರು. ಬೆರಳಿಗೆ ಇನ್ನು ಬೆಳಕು ಹಾಕುವುದರಲ್ಲಿ ಅರ್ಥವಿಲ್ಲ ಎಂದರು. ಅವರು ಮೊದಲ ದಿನವೇ ಸುಳ್ಳು ಆಶೆ ಕೊಟ್ಟಿರಲಿಲ್ಲ, ಆದ್ದರಿಂದ ಬೈಯಲಿಕ್ಕೂ ಯಾರೂ ಇರಲಿಲ್ಲ. ಇದು ಬಹಳ ಕೆಟ್ಟ ಸ್ಥಿತಿ. ಸಿಟ್ಟಿಗೆ ಒಂದು ವಿಳಾಸ ಬೇಕು.

ಹೊರಗೆ ಬೆಂಚಿನ ಮೇಲೆ ಫಿಲೊಮೆನಾ ಇದ್ದಳು. ಅವಳ ಬೆರಳುಗಳದ್ದೂ ಅದೇ ಹಣೆಬರಹ. ಆದರೆ ತಂಗಿಯನ್ನು ಮನೆಗೆ ಕಳಿಸಿ ಈಗ ತಾನೇ ಬುಟ್ಟಿಯ ಮುಂದೆ ಕೂರುತ್ತಿದ್ದೇನೆ ಎಂದಳು. ಮೊದಲು ಒಂದು ತಿಂಗಳು ಹೊತ್ತುಕೊಂಡು ಹೋದದ್ದನ್ನು ಹಾಗೇ ಹೊತ್ತು ತಂದಳಂತೆ. ಆಮೇಲೆ ಮಳೆಗಾಲ ಬಂತು, ಸರಕಾರ ಕಡಲಿಗೆ ಬೋಟು ಬಿಡುವುದನ್ನು ನಿಲ್ಲಿಸಿತು. ಅವಳ ಗಂಡ ಮಾತ್ರ ನದಿಯಲ್ಲಿ ಬಲೆ ಹಾಕಿ ನಾಲ್ಕು ಮೀನು ತರುತ್ತಿದ್ದ. ಪೇಟೆಯಲ್ಲಿ ತಾಜಾ ಮೀನಿನ ಬುಟ್ಟಿ ಅವಳದೊಂದೇ.

“ಎರಡೇ ದಿನದಲ್ಲಿ ಎಲ್ಲರ ಹೆದರಿಕೆ ವಾಸಿಯಾಯಿತು, ಪಾತ್ರಾಂವ್. ಲೇಸರ್ ಕೂಡ ಬೇಕಾಗಲಿಲ್ಲ.”

ವಾಸ್ಕೋದ ಬಸ್ಸಿನಲ್ಲಿ ಇಡೀ ದಾರಿ ಇದನ್ನೇ ಯೋಚಿಸಿದೆ.

ಶ್ರಾವಣ ಬಂತು. ಮಲ್ಲೇಶಪ್ಪನವರು ನನ್ನ ಮುಖ ನೋಡಿ ಸಂತೋಷಪಟ್ಟರು, ಪೂರ್ತಿ ಗುಣವಾಯಿತಲ್ಲ ಎಂದು ನಾಲ್ಕು ಜನರೆದುರು ಘೋಷಿಸಿದರು. ಹಾಗಾದರೆ ಈ ಸಲ ಹುಗ್ಗಿ ನಾನೇ ಬಡಿಸುತ್ತೇನೆ ಎಂದೆ. ಅವರ ಕಣ್ಣುಗಳು ಕೆಳಗಿಳಿದು ನನ್ನ ಬೆರಳಿನ ಮೇಲೆ ನಿಂತವು. ಎರಡು ದಿನ ಬಿಟ್ಟು ಒಂದು ಪೊಟ್ಟಣ ಕಳಿಸಿದರು. ತೆರೆದರೆ ರಬ್ಬರಿನ ಕೈಗವಸು, ಆಸ್ಪತ್ರೆಯವರು ಹಾಕುವಂಥದ್ದು. ಅದನ್ನು ಹಾಕಿಕೊಂಡರೆ ಬಡಿಸಲು ಸಮಿತಿಯ ಅಭ್ಯಂತರವಿಲ್ಲವಂತೆ. ಅದರ ಬಣ್ಣ ಅಚ್ಚ ಬಿಳಿ. ನನ್ನ ಕೈಯ ಬಿಳುಪಿಗೆ ಹೇಸುವವರಿಗೆ ಅಂಗಡಿಯ ಬಿಳುಪು ನಡೆಯುತ್ತದೆ ಎಂದು ತಿಳಿದು ಜ್ಞಾನವೃದ್ಧಿಯಾಯಿತು. ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿದೆ.

ಕಡೆಯ ಸೋಮವಾರ ಮಧ್ಯಾಹ್ನ ಒಂದು ಗಂಟೆ. ಮಂಟಪ ತುಂಬಿ ಹೊರಗೂ ಸಾಲು ಕೂತಿತ್ತು. ಉಪ್ಪು, ಉಪ್ಪಿನಕಾಯಿ, ಪಲ್ಯ ಬಿದ್ದಿದ್ದವು. ಖುರ್ಚಿಯನ್ನು ಬಿಟ್ಟು ಎದ್ದು, ಬಡಿಸುವ ಹುಡುಗನ ಕೈಯಿಂದ ಬಕೆಟ್ಟು ಮತ್ತು ಸವಟು ತೆಗೆದುಕೊಂಡೆ. ಅವನು ಬಿಟ್ಟುಕೊಟ್ಟ, ಅಧ್ಯಕ್ಷರು ಕೇಳಿದರೆ ಇಲ್ಲ ಎನ್ನುವುದು ಹೇಗೆ. ನಮ್ಮ ಪಂಗ್ತಿಗೆ ಎರಡು ನಿಯಮ. ಹುಗ್ಗಿ ಬಡಿಸುವಾಗ ಒಂದು ಎಲೆಯನ್ನು ದಾಟಿ ಮುಂದಿನದಕ್ಕೆ ಹೋಗುವಂತಿಲ್ಲ. ಕಡೆಯ ಎಲೆಗೆ ಹುಗ್ಗಿ ಬಿದ್ದು ಹರ ಹರ ಮಹಾದೇವ ಎನ್ನುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ.

ಮೊದಲ ಎಲೆ ಮಲ್ಲೇಶಪ್ಪನವರದು. ಬಗ್ಗಿ ಸವಟು ಮುಂದೆ ಮಾಡಿದೆ. ಅವರು ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಸಾಕು ಎನ್ನುವವರು ಹಿಡಿಯುವ ಹಾಗೆ. ಇನ್ನೂ ಏನನ್ನೂ ಹಾಕದ ಎಲೆಗೆ ಸಾಕು.

“ಸಕ್ರಿ ಬ್ಯಾನಿ ಐತ್ರಿ ನನಗ. ಮುಂದ ನಡೀರಿ ಅಧ್ಯಕ್ಷರ,” ಎಂದರು ಮೆಲ್ಲಗೆ.

ಹಿಂದಿನ ತಿಂಗಳು ಮದುವೆಯೊಂದರಲ್ಲಿ ಇವರು ನಾಲ್ಕು ಹೋಳಿಗೆ ಉಂಡದ್ದನ್ನು ನಾನೇ ನೋಡಿದ್ದೆ. ಅದನ್ನು ಹೇಳಲಿಲ್ಲ. “ಎಲಿ ದಾಟಿ ಹೋಗೂ ಪದ್ಧತಿ ಇಲ್ಲ,” ಎಂದೆ. ಬಗ್ಗಿದ ನಡುವನ್ನು ನೆಟ್ಟಗೆ ಮಾಡಿ, ಸವಟನ್ನು ಅವರ ಕೈಯ ಮೇಲೆ ಹಾಗೇ ಹಿಡಿದು ನಿಂತೆ. ಅವರ ಪಕ್ಕದ ಮೂವರು ಸಮಿತಿ ಸದಸ್ಯರೂ ಅಂಗೈ ಅಡ್ಡ ಹಿಡಿದಿದ್ದು ಕಾಣುತ್ತಿತ್ತು. ನನ್ನ ಹಿಂದೆ ಅನ್ನದ ಬಕೆಟ್ಟಿನವನು ನಿಂತ, ಅವನ ಹಿಂದೆ ಸಾರಿನವನು ನಿಂತ.

ಮಂಟಪದಲ್ಲಿ ಮಾತು ಕಡಿಮೆಯಾಗುತ್ತ ಬಂತು. ನನ್ನ ತೋಳು ಸೋಲತೊಡಗಿತು. ಸವಟಿನಿಂದ ಒಂದು ಹನಿ ಮಲ್ಲೇಶಪ್ಪನವರ ಕೈಮೇಲೆ ಬಿತ್ತು, ಬಿಸಿ ಇತ್ತು, ಆದರೂ ಅವರು ಕೈ ತೆಗೆಯಲಿಲ್ಲ. ಅವರಿಗೂ ಹಟ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಇನ್ನು ಸವಟು ಇಳಿಸಬೇಕಾಗುತ್ತದೆ, ಇಳಿಸಿದರೆ ಮತ್ತೆ ಎಂದೂ ಎತ್ತುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಹೆಣ್ಣುಮಕ್ಕಳ ಸಾಲಿನಿಂದ ಶಾಂತವ್ವನ ದನಿ ಬಂತು. ಜೋರಾಗಿ ಅಲ್ಲ. “ನಿಂದರ್ರಿ. ಅವರು ಕೈ ತಗಿಯೂತನಕ ನಿಂದರ್ರಿ.”

ನಿಂತೆ. ಆಗ ಕಡೆಯ ಸಾಲಿನ ಹಮಾಲನೊಬ್ಬ, ಎಲೆಯ ಮುಂದೆ ಮುಕ್ಕಾಲು ತಾಸು ಕೂತವನು, ಕೂಗಿ ಹೇಳಿದ:

“ಏನ್ರಿ ಮಲ್ಲೇಶಪ್ಪಾರ, ಎರಡಕ್ಕ ಪಾಳಿ ಐತ್ರಿ ನಮಗ. ನೀವು ಉಣ್ಣರಿ, ಬಿಡ್ರಿ, ಮೊದಲ ಕೈ ತಗೀರಿ.”

ಅವನ ಆಚೀಚಿನವರು ಹೌದೆಂದರು. ಒಂದು ಮಗು ಅಳತೊಡಗಿತು. ಯಾರೋ ಎಲೆಯ ಪಕ್ಕದ ನೆಲ ತಟ್ಟಿದರು, ಇನ್ನೊಬ್ಬರೂ ತಟ್ಟಿದರು. ತೊನ್ನು ಅಂಟುವುದಿಲ್ಲ ಎಂದು ಅವರಲ್ಲಿ ಯಾರೂ ವಾದಿಸಲಿಲ್ಲ, ನನ್ನ ಮೇಲೆ ಯಾರಿಗೂ ಕನಿಕರ ಬಂದಿರಲಿಲ್ಲ. ಅವರಿಗೆ ಹಸಿವೆಯಾಗಿತ್ತು.

ಮಲ್ಲೇಶಪ್ಪನವರ ಅಂಗೈ ಒಂದು ಬದಿಯಿಂದ ಎದ್ದಿತು, ಆಮೇಲೆ ಪೂರ್ತಿ ಸರಿಯಿತು. ಸವಟು ಇಳಿಸಿದೆ. ಹುಗ್ಗಿ ಎಲೆಯ ನಡುವೆ ಬಿದ್ದು ಅಲ್ಲಿಯೇ ಕೂತಿತು. ಒಂದು ಹೆಜ್ಜೆ ಪಕ್ಕಕ್ಕೆ ಇಡುವುದರೊಳಗೆ ಉಳಿದ ಮೂರು ಅಂಗೈಗಳು ಎಲ್ಲಿ ಹೋದವೋ ಕಾಣಲಿಲ್ಲ.

ಮಲ್ಲೇಶಪ್ಪನವರು ಅದನ್ನು ಉಂಡರೋ ಇಲ್ಲವೋ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನಾನು ತಿರುಗಿ ನೋಡಲಿಲ್ಲ. ಮುಂದೆ ಇನ್ನೂರು ಎಲೆ ಇದ್ದವು, ಹುಗ್ಗಿ ಆರುತ್ತಿತ್ತು.